ಮನಸ್ಸಿಗೆ ಮಾತ್ರೆ, ಹೊಟ್ಟೆಗೆ ಸಂಕಟ: ಒಂದು ಮದ್ದಿನ ಚರಿತ್ರೆ

ಖಿನ್ನತೆಗೆ ಮಾತ್ರೆ ಸೇವಿಸಲು ಆರಂಭಿಸಿದವರು ಮೊದಲ ವಾರದಲ್ಲಿ ಹೇಳುವ ದೂರು ಹೆಚ್ಚಾಗಿ ಹೊಟ್ಟೆಯದ್ದು. ವಾಕರಿಕೆ, ಊಟ ಸೇರದಿರುವುದು, ಬಾಯಿ ಒಣಗುವುದು, ಕೆಲವರಿಗೆ ಭೇದಿ, ಇನ್ನು ಕೆಲವರಿಗೆ ಮಲಬದ್ಧತೆ. ಮನಸ್ಸಿನ ಭಾರ ಇಳಿಯುವ ಮೊದಲೇ ಹೊಟ್ಟೆ ಕೆಡುತ್ತದೆ. ‘ಈ ಮದ್ದು ಉಷ್ಣ, ನನ್ನ ಮೈಗೆ ಆಗಿಬರುವುದಿಲ್ಲ’ ಎಂದು ಹಲವರು ಮಾತ್ರೆಯನ್ನು ಬದಿಗಿಡುತ್ತಾರೆ. ಹಾಗೆ ಬದಿಗಿಟ್ಟವರಲ್ಲಿ ಅನೇಕರು ಮತ್ತೆ ವೈದ್ಯರ ಬಾಗಿಲು ತಟ್ಟುವುದಿಲ್ಲ. ವಾಕರಿಕೆ ಹೋಗುತ್ತದೆ, ರೋಗ ಉಳಿಯುತ್ತದೆ. ಕೆಲವೊಮ್ಮೆ ಅದು ಜೀವಕ್ಕೇ ಎರವಾಗುತ್ತದೆ.

ಮನಸ್ಸಿನ ಮದ್ದು ಹೊಟ್ಟೆಯನ್ನು ಏಕೆ ಕಾಡಬೇಕು? ಈ ಪ್ರಶ್ನೆಗೆ ಉತ್ತರ ಆ ಮದ್ದಿನ ಚರಿತ್ರೆಯಲ್ಲಿದೆ. ಈ ಚರಿತ್ರೆ ಕೈರವಾನಿನ ಹಕೀಮರು, ದೆಹಲಿಯ ತಿಬ್ಬಿಯಾ ಕಾಲೇಜು, ನ್ಯೂಯಾರ್ಕಿನ ಕ್ಷಯರೋಗಿಗಳ ವಾರ್ಡು, ಬೆಂಗಳೂರಿನ ನಿಮ್ಹಾನ್ಸ್ ಇವೆಲ್ಲವನ್ನೂ ಮುಟ್ಟಿ ಬರುತ್ತದೆ. ಕೋಲಾರದ ಚಿನ್ನದ ಗಣಿ ಸೀಮೆಯ ಮಾರಿಕುಪ್ಪಂನಂತಹ ಊರಿಗೂ ಅದರಲ್ಲಿ ತಿಳಿಯಬೇಕಾದದ್ದು ಬಹಳಷ್ಟಿದೆ.

ಹೊಟ್ಟೆಯಲ್ಲಿ ಹುಟ್ಟುವ ದುಃಖ

ಮನಸ್ಸಿಗೂ ಹೊಟ್ಟೆಗೂ ನಂಟಿದೆ ಎಂಬುದು ನಮ್ಮ ಭಾಷೆಗೆ ಹೊಸತಲ್ಲ. ಅಸೂಯೆಗೆ ಕನ್ನಡದಲ್ಲಿ ಹೊಟ್ಟೆಕಿಚ್ಚು ಎನ್ನುತ್ತಾರೆ. ಪರರ ಕಷ್ಟ ಕಂಡಾಗ ಕರುಳು ಚುರುಕ್ ಎನ್ನುತ್ತದೆ. ಮಕ್ಕಳು ಕರುಳಿನ ಕುಡಿಗಳು. ಮಗನನ್ನು ಕಳೆದುಕೊಂಡ ತಾಯಿ ಹೊಟ್ಟೆ ಉರಿಯುತ್ತಿದೆ ಎಂದು ಅಳುತ್ತಾಳೆ. ಇವನ್ನೆಲ್ಲ ಬರಿಯ ಅಲಂಕಾರವೆಂದು ತಳ್ಳಿಹಾಕುವಂತಿಲ್ಲ.

ಮುಸ್ಲಿಮ್ ಲೋಕದ ವೈದ್ಯರು ಈ ನಂಟನ್ನು ಶಾಸ್ತ್ರವಾಗಿಯೇ ಬರೆದಿಟ್ಟರು. ಕ್ರಿ.ಶ. 850ರಿಂದ 934ರ ವರೆಗೆ ಬದುಕಿದ್ದ ಅಬೂ ಝೈದ್ ಅಲ್-ಬಲ್ಖೀ ದೇಹದ ಆರೋಗ್ಯ ಮತ್ತು ಆತ್ಮದ ಆರೋಗ್ಯ ಎರಡನ್ನೂ ಒಂದೇ ಗ್ರಂಥದಲ್ಲಿ ಚರ್ಚಿಸಿದವರು. ಕಾರಣ ತಿಳಿದಿರುವ ದುಃಖ ಒಂದು ಬಗೆ, ಕಾರಣವೇ ತಿಳಿಯದೆ ಕವಿಯುವ ದುಃಖ ಇನ್ನೊಂದು ಬಗೆ. ಎರಡನೆಯದರ ಮೂಲ ದೇಹದಲ್ಲಿರುತ್ತದೆ, ಅದಕ್ಕೆ ದೇಹದ ಚಿಕಿತ್ಸೆ ಬೇಕು ಎಂಬುದು ಅವರ ವಿವರಣೆ. ಕೈರವಾನಿನ ಇಸ್‌ಹಾಕ್ ಇಬ್ನ್ ಇಮ್ರಾನ್ ಆ ಕಾಲದಲ್ಲೇ ‘ಮಾಲಿಖೂಲಿಯಾ’ ಎಂಬ ವಿಷಾದರೋಗದ ಬಗ್ಗೆ ಪ್ರತ್ಯೇಕ ಪ್ರಬಂಧ ಬರೆದರು. ಹನ್ನೊಂದನೆಯ ಶತಮಾನದಲ್ಲಿ ಅದು ಲ್ಯಾಟಿನ್ ಭಾಷೆಗೆ ಹೋಗಿ ಯುರೋಪಿನ ವೈದ್ಯರ ಕೈಸೇರಿತು. ಗ್ರೀಕ್ ವೈದ್ಯರನ್ನು ಅನುಸರಿಸಿ ಅವರು ಈ ರೋಗವನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಒಂದು ಮೆದುಳಿನಲ್ಲೇ ಹುಟ್ಟುವುದು, ಇನ್ನೊಂದು ಇಡೀ ದೇಹದ ರಕ್ತ ಕೆಟ್ಟು ಹುಟ್ಟುವುದು, ಮೂರನೆಯದು ಹೊಟ್ಟೆಯಲ್ಲಿ ಹುಟ್ಟಿ ಮೆದುಳಿಗೆ ಏರುವುದು. ಈ ಮೂರನೆಯದರ ಹೆಸರು ಮಾಲಿಖೂಲಿಯಾ ಮರಾಕೀ. ಹುಳಿತೇಗು, ಹೊಟ್ಟೆ ಉಬ್ಬರ, ಅಜೀರ್ಣ ಅದರ ಲಕ್ಷಣಗಳು. ಇಬ್ನ್ ಸೀನಾ ಕೂಡ ತಮ್ಮ ‘ಅಲ್-ಕಾನೂನ್’ನಲ್ಲಿ ಇದನ್ನು ವಿವರಿಸಿದ್ದಾರೆ. ಯುನಾನಿ ವೈದ್ಯರು ಇಂದಿಗೂ ಈ ಹೆಸರನ್ನು ಬಳಸುತ್ತಾರೆ.

ದುಃಖಿತರ ಹೊಟ್ಟೆಯನ್ನು ನೋಡಿಕೊಳ್ಳಬೇಕೆಂಬ ಅರಿವು ಇದಕ್ಕೂ ಹಿಂದಿನದು. ಸಾವಿನ ಮನೆಯವರಿಗೂ ರೋಗಿಗಳಿಗೂ ಹಝ್ರತ್ ಆಯಿಶಾ(ರ) ‘ತಲ್ಬೀನಾ’ ಎಂಬ ಬಾರ್ಲಿ ಗಂಜಿಯನ್ನು ಮಾಡಿಸಿ ಕೊಡುತ್ತಿದ್ದರೆಂದೂ, ಅದು ರೋಗಿಯ ಹೃದಯಕ್ಕೆ ಸಮಾಧಾನ ನೀಡಿ ದುಃಖವನ್ನು ಸ್ವಲ್ಪ ತಗ್ಗಿಸುತ್ತದೆಂದು ಪ್ರವಾದಿವರ್ಯರು(ಸ) ಹೇಳಿದ್ದರೆಂದೂ ಸಹೀಹ್ ಬುಖಾರಿಯಲ್ಲಿದೆ. ಅದು ಖಿನ್ನತೆಯ ರೋಗಕ್ಕೆ ಬರೆದ ಚೀಟಿಯಲ್ಲ, ದುಃಖದಲ್ಲಿರುವವನಿಗೆ ಮೃದುವಾದ ಆಹಾರ ಕೊಡಿ ಎಂಬ ಕರುಣೆ. ಅದನ್ನು ಕರುಣೆಯಾಗಿಯೇ ಉಳಿಸಿಕೊಳ್ಳುವುದು ಒಳ್ಳೆಯದು.

ಹಕೀಮರ ಬೇರು

ಆಧುನಿಕ ಕಥೆ ಆರಂಭವಾಗುವುದು ಒಂದು ಬೇರಿನಿಂದ. ಸರ್ಪಗಂಧದ ಬೇರನ್ನು ನಮ್ಮ ದೇಶದ ವೈದ್ಯರು ಹುಚ್ಚು ಮತ್ತು ನಿದ್ರಾಹೀನತೆಗೆ ಬಹುಕಾಲದಿಂದ ಕೊಡುತ್ತಿದ್ದರು. ಯುನಾನಿಯಲ್ಲಿ ಅದರ ಹೆಸರು ಅಸ್ರೋಲ್. ಜನ ಅದನ್ನು ಹುಚ್ಚರ ಮದ್ದು ಎಂದೇ ಕರೆಯುತ್ತಿದ್ದರು. ಸ್ವಾತಂತ್ರ್ಯ ಹೋರಾಟಗಾರರೂ ಮಹಾವೈದ್ಯರೂ ಆಗಿದ್ದ ಹಕೀಮ್ ಅಜ್ಮಲ್ ಖಾನರಿಗೆ ದೇಶೀ ಮದ್ದುಗಳನ್ನು ಆಧುನಿಕ ರಸಾಯನಶಾಸ್ತ್ರದ ಒರೆಗೆ ಹಚ್ಚಬೇಕೆಂಬ ಹಂಬಲವಿತ್ತು. ದೆಹಲಿಯ ತಿಬ್ಬಿಯಾ ಕಾಲೇಜು ಅವರ ಕನಸು. 1921ರಲ್ಲಿ ಗಾಂಧೀಜಿ ಅದನ್ನು ಉದ್ಘಾಟಿಸಿದರು. ಜರ್ಮನಿಯಲ್ಲಿ ಕಲಿತು ಬಂದ ಸಲೀಮುಝ್ಝಮಾನ್ ಸಿದ್ದೀಕಿಯವರು ಅಲ್ಲಿ ಸಂಶೋಧನೆ ನಡೆಸಿದರು. ಹಕೀಮರು 1927ರಲ್ಲಿ ತೀರಿಕೊಂಡರು. 1931ರಲ್ಲಿ ಸಿದ್ದೀಕಿಯವರು ಸರ್ಪಗಂಧದಿಂದ ಬೇರ್ಪಡಿಸಿದ ರಾಸಾಯನಿಕಕ್ಕೆ ಹಕೀಮರ ನೆನಪಿನಲ್ಲಿ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಅದೇ ವರ್ಷ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್, ಈ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಮದ್ದೆಂದು ಪ್ರಕಟಿಸಿದರು.

1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದೇ ಬೇರಿನಿಂದ ರೆಸರ್ಪಿನ್ ಎಂಬ ಇನ್ನೊಂದು ವಸ್ತುವನ್ನು ತೆಗೆದರು. ರಕ್ತದೊತ್ತಡಕ್ಕೆ ಅದು ಜಗತ್ತಿನಾದ್ಯಂತ ಬಳಕೆಗೆ ಬಂತು. ಆಗ ಎರಡು ಸಂಗತಿಗಳು ವೈದ್ಯರ ಗಮನಕ್ಕೆ ಬಂದವು. ಸೇವಿಸಿದವರಲ್ಲಿ ಕೆಲವರಿಗೆ ಭೇದಿಯಾಗುತ್ತಿತ್ತು, ಜಠರದ ಆಮ್ಲ ಹೆಚ್ಚುತ್ತಿತ್ತು. ಕೆಲವರು ಖಿನ್ನರಾಗುತ್ತಿದ್ದರು. 1955ರಲ್ಲಿ ಅಮೆರಿಕದ ಬ್ರೋಡಿಯವರ ಪ್ರಯೋಗಾಲಯ, ರೆಸರ್ಪಿನ್ ದೇಹದಲ್ಲಿರುವ ಸಿರೊಟೋನಿನ್ ಎಂಬ ವಸ್ತುವಿನ ದಾಸ್ತಾನನ್ನು ಬರಿದು ಮಾಡುತ್ತದೆ ಎಂದು ತೋರಿಸಿತು. ಖಿನ್ನತೆಗೂ ದೇಹದ ರಾಸಾಯನಿಕಗಳಿಗೂ ಸಂಬಂಧವಿರಬಹುದೆಂಬ ವಿಚಾರ ಬಲಗೊಂಡದ್ದು ಇಂತಹ ಪ್ರಯೋಗಗಳಿಂದ.

ಗಣಿಯ ದೂಳು, ಕ್ಷಯದ ಮದ್ದು

ಕೋಲಾರದ ಚಿನ್ನ ಬೆಣಚುಕಲ್ಲಿನ ಪದರಗಳಲ್ಲಿ ಅಡಗಿತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಾರಿಕೆಗೆ ಇಳಿಯಿತು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಹರಿಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಆ ಆಳದಲ್ಲಿ ಕಲ್ಲು ಕೊರೆದವರು ಹೆಚ್ಚಾಗಿ ತಮಿಳು ಮತ್ತು ತೆಲುಗು ಸೀಮೆಯಿಂದ ಬಂದ ಬಡ ದಲಿತ ಕುಟುಂಬಗಳವರು. ಬೆಣಚುಕಲ್ಲಿನ ದೂಳು ಅವರ ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ತಂದಿತು. ಭಾರತದಲ್ಲಿ ಈ ರೋಗದ ಮೊದಲ ವರದಿ ಕೋಲಾರದ ಗಣಿಗಳಿಂದಲೇ ಬಂತು. ದೂಳು ಕುಳಿತ ಶ್ವಾಸಕೋಶಕ್ಕೆ ಕ್ಷಯ ಬೇಗ ಹತ್ತುತ್ತದೆ. ಹೀಗಾಗಿ ಗಣಿ ಕಾರ್ಮಿಕರ ಪಾಲಿಗೆ ಕ್ಷಯ ನೆರಳಿನಂತಹ ರೋಗ.

ಖಿನ್ನತೆಯ ಮೊದಲ ಮಾತ್ರೆ ಹುಟ್ಟಿದ್ದು ಈ ಕ್ಷಯದ ಮದ್ದಿನಿಂದಲೇ ಎಂಬುದು ಅಚ್ಚರಿಯ ಸಂಗತಿ. 1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಸೋನಿಯಝಿಡ್ ಮತ್ತು ಇಪ್ರೋನಿಯಝಿಡ್ ಎಂಬ ಎರಡು ಹೊಸ ಮದ್ದುಗಳನ್ನು ಕೊಟ್ಟು ನೋಡಲಾಯಿತು. ಸಾಯುವ ಸ್ಥಿತಿಯಲ್ಲಿದ್ದವರ ಹಸಿವು ಮರಳಿತು, ತೂಕ ಏರಿತು. ಅವರು ವಾರ್ಡಿನಲ್ಲಿ ಕುಣಿದಾಡಿದರೆಂದು ಪತ್ರಿಕೆಗಳು ಬರೆದವು. ಮದ್ದು ಮನಸ್ಸಿಗೂ ನಾಟಿದೆ ಎಂಬ ಸುಳಿವನ್ನು ಹಿಡಿದು 1957ರಲ್ಲಿ ನೇಥನ್ ಕ್ಲೈನ್ ಮತ್ತು ಸಂಗಡಿಗರು ಇಪ್ರೋನಿಯಝಿಡನ್ನು ಖಿನ್ನತೆಯ ರೋಗಿಗಳಿಗೆ ಕೊಟ್ಟರು. ಹಲವರು ಚೇತರಿಸಿಕೊಂಡರು.

ಆದರೆ ಈ ಮದ್ದಿಗೂ ಹೊಟ್ಟೆಯ ಲೆಕ್ಕ ತಪ್ಪಲಿಲ್ಲ. ಇಪ್ರೋನಿಯಝಿಡ್‌ನಿಂದ ಕೆಲವರಿಗೆ ಯಕೃತ್ತು ಕೆಟ್ಟು ಕಾಮಾಲೆ ಬಂತು. ಕೆಲವೇ ವರ್ಷಗಳಲ್ಲಿ ಅದು ಅಮೆರಿಕದ ಮಾರುಕಟ್ಟೆಯಿಂದ ಮರೆಯಾಯಿತು. ಅದೇ ಜಾತಿಯ ಬೇರೆ ಮಾತ್ರೆಗಳನ್ನು ಸೇವಿಸುತ್ತಿದ್ದವರಿಗೆ ಹಠಾತ್ತನೆ ತಲೆ ಸಿಡಿಯುವಂತಾಗಿ ರಕ್ತದೊತ್ತಡ ಏರುತ್ತಿತ್ತು. ಇವರೆಲ್ಲ ಹಳೆಯ ಗಿಣ್ಣು ತಿಂದವರು ಎಂಬುದನ್ನು 1963ರಲ್ಲಿ ಲಂಡನಿನ ತರುಣ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್ ಪ್ರಕಟಿಸಿದರು. ಹುದುಗಿಸಿಟ್ಟ ಗಿಣ್ಣಿನಲ್ಲಿ ಟೈರಮಿನ್ ಎಂಬ ವಸ್ತುವಿದೆ. ಸಾಮಾನ್ಯವಾಗಿ ಕರುಳು ಮತ್ತು ಯಕೃತ್ತಿನ ಒಂದು ಕಿಣ್ವ ಕಾವಲುಗಾರನಂತೆ ನಿಂತು ಅದನ್ನು ಒಡೆದುಹಾಕುತ್ತದೆ. ಮೆದುಳಿನಲ್ಲಿ ಆ ಕಿಣ್ವವನ್ನು ತಡೆಯಲೆಂದು ಕೊಟ್ಟ ಮಾತ್ರೆ ಕರುಳಿನ ಕಾವಲುಗಾರನನ್ನೂ ಮಲಗಿಸಿತ್ತು. ನುಂಗಿದ ಮದ್ದಿಗೆ ಮೆದುಳು ಯಾವುದು, ಕರುಳು ಯಾವುದು ಎಂಬ ಭೇದ ತಿಳಿಯದು. ಮುಂದಿನ ಇಡೀ ಚರಿತ್ರೆಗೆ ಇದೊಂದೇ ಪಾಠ ಸಾಕು.

ಎರಡು ಹೆಸರಿನ ಒಂದು ವಸ್ತು

1957ರಲ್ಲೇ ಸ್ವಿಟ್ಜರ್ಲೆಂಡಿನ ಮ್ಯೂನ್‌ಸ್ಟರ್‌ಲಿಂಗನ್ ಆಸ್ಪತ್ರೆಯ ರೋಲಂಡ್ ಕೂನ್, ಇಮಿಪ್ರಮಿನ್ ಎಂಬ ಮಾತ್ರೆ ಖಿನ್ನತೆಗೆ ನಾಟುತ್ತದೆಂದು ವರದಿ ಮಾಡಿದರು. ಕೆಲವು ವರ್ಷಗಳಲ್ಲಿ ಅಮಿಟ್ರಿಪ್ಟಿಲಿನ್ ಬಂತು. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಬಡವರಿಗೆ ದಕ್ಕಿದ್ದು ಈ ಎರಡು ಅಗ್ಗದ ಮಾತ್ರೆಗಳೇ. ಇವು ಕರುಳನ್ನು ಚಲಿಸುವಂತೆ ಮಾಡುವ ಅಸಿಟೈಲ್ ಕೋಲಿನ್ ಎಂಬ ವಸ್ತುವಿನ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಆದ್ದರಿಂದ ಜೊಲ್ಲು ಬತ್ತುತ್ತದೆ, ಕರುಳು ನಿಧಾನಿಸುತ್ತದೆ, ಮಲಬದ್ಧತೆ ಕಾಡುತ್ತದೆ. ವಯಸ್ಸಾದವರಿಗೆ ಇದು ಸಣ್ಣ ಸಂಕಟವಲ್ಲ.

ಹೊಸ ಪೀಳಿಗೆಯ ಮಾತ್ರೆಗಳ ಬೇರು ಇಟಲಿಯಲ್ಲಿದೆ. 1930ರ ದಶಕದಲ್ಲಿ ವಿತ್ತೋರಿಯೊ ಎರ್‌ಸ್ಪಾಮರ್ ಎಂಬ ವಿಜ್ಞಾನಿ ಕರುಳಿನ ಒಳಪದರದ ಕೆಲವು ಕೋಶಗಳಲ್ಲಿ ಒಂದು ವಸ್ತುವನ್ನು ಕಂಡರು. ಅದು ಕರುಳನ್ನು ಹಿಂಡುವಂತೆ ಮಾಡುತ್ತಿತ್ತು. ಅವರು ಅದನ್ನು ಎಂಟರಮಿನ್ ಎಂದು ಕರೆದರು, ಅಂದರೆ ಕರುಳಿನ ವಸ್ತು. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರಾಪೋರ್ಟ್, ಗ್ರೀನ್ ಮತ್ತು ಪೇಜ್ ರಕ್ತದಿಂದ ಒಂದು ವಸ್ತುವನ್ನು ಬೇರ್ಪಡಿಸಿ ಸಿರೊಟೋನಿನ್ ಎಂದರು. ಎರಡೂ ಒಂದೇ ಎಂದು 1952ರಲ್ಲಿ ತಿಳಿಯಿತು. 1953ರಲ್ಲಿ ಬೆಟ್ಟಿ ಟ್ವಾರೋಗ್ ಅದನ್ನು ಮೆದುಳಿನಲ್ಲೂ ಕಂಡರು. ಮೆದುಳಿನ ವಸ್ತುವೆಂದು ಇಂದು ಲೋಕವೆಲ್ಲ ಕರೆಯುವ ಸಿರೊಟೋನಿನ್ ಮೊದಲು ಪತ್ತೆಯಾದದ್ದು ಕರುಳಿನಲ್ಲಿ. ದೇಹದ ಸಿರೊಟೋನಿನ್‌ನಲ್ಲಿ ಶೇಕಡಾ 90ರಷ್ಟು ಇರುವುದೂ ಅಲ್ಲಿಯೇ.

ಇದನ್ನು ತಿಳಿದ ಮೇಲೆ ವಾಕರಿಕೆಯ ಗುಟ್ಟು ಬಿಡಿಸುವುದು ಕಷ್ಟವಲ್ಲ. ಎಲಿ ಲಿಲ್ಲಿ ಕಂಪನಿಯ ಫ್ಲೂಆಕ್ಸಿಟಿನ್ 1987ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಆನಂತರ ಸರ್ಟ್ರಾಲಿನ್, ಪರಾಕ್ಸಿಟಿನ್, ಎಸಿಟಲೋಪ್ರಾಮ್ ಬಂದವು. ಜೀವಕೋಶಗಳು ಬಿಡುಗಡೆ ಮಾಡಿದ ಸಿರೊಟೋನಿನನ್ನು ಮತ್ತೆ ಒಳಕ್ಕೆಳೆದುಕೊಳ್ಳದಂತೆ ಇವು ತಡೆಯುತ್ತವೆ. ಮೆದುಳಿನಲ್ಲಿ ನಡೆಯುವುದೇ ಕರುಳಿನಲ್ಲೂ ನಡೆಯುತ್ತದೆ. ಕರುಳಿನ ನರಗಳು ಮೆದುಳಿನ ವಾಂತಿ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತವೆ. ಫ್ಲೂಆಕ್ಸಿಟಿನ್‌ನ ಪರೀಕ್ಷೆಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ವಾಕರಿಕೆ ಬಂದಿತ್ತು. ಮದ್ದಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ ಸುಮಾರು ಹತ್ತರಲ್ಲಿ ಒಬ್ಬರು ಅದೇ ದೂರು ಹೇಳಿದ್ದರು. ಸರ್ಟ್ರಾಲಿನ್‌ಗೆ ಭೇದಿ ಹೆಚ್ಚು, ಪರಾಕ್ಸಿಟಿನ್‌ಗೆ ಮಲಬದ್ಧತೆ ಹೆಚ್ಚು. ಮಿರ್ಟಝಪಿನ್ ಎಂಬ ಬೇರೆ ಬಗೆಯ ಮಾತ್ರೆ ವಾಕರಿಕೆ ತರುವುದು ಕಡಿಮೆ, ಆದರೆ ಹಸಿವು ಮತ್ತು ತೂಕವನ್ನು ಏರಿಸುತ್ತದೆ.

ಸಿರೊಟೋನಿನ್ ಕೊರತೆಯೇ ಖಿನ್ನತೆಗೆ ಕಾರಣ ಎಂಬ ಸರಳ ವಿವರಣೆ ಈಗ ನಿಲ್ಲುವುದಿಲ್ಲ. ಅದಕ್ಕೆ ದೃಢವಾದ ಆಧಾರವಿಲ್ಲವೆಂದು 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಾಮರ್ಶೆ ಹೇಳಿತು. ಹಾಗೆಂದು ಮಾತ್ರೆಗಳು ನಿರರ್ಥಕ ಎಂದಾಗುವುದಿಲ್ಲ. ಮದ್ದು ಹೇಗೆ ಗುಣ ಮಾಡುತ್ತದೆ ಎಂಬ ವಿವರಣೆ ಅಪೂರ್ಣವಾಗಿದ್ದರೂ ಮದ್ದು ಅನೇಕರಿಗೆ ಗುಣ ಮಾಡಬಲ್ಲದು. ಕರುಳಿನ ಸಂಕಟಕ್ಕಾದರೋ ಕಾರಣ ಸಾಕಷ್ಟು ಸ್ಪಷ್ಟವಾಗಿದೆ.

ಬೆಂಗಳೂರಿನಿಂದ ಹಳ್ಳಿಗೆ

ಕರ್ನಾಟಕದಲ್ಲಿ ಮನೋರೋಗ ಚಿಕಿತ್ಸೆಯ ಚರಿತ್ರೆ 1847ರ ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಹೋಗುತ್ತದೆ. 1925ರಲ್ಲಿ ಅದು ಮಾನಸಿಕ ಆಸ್ಪತ್ರೆ ಎಂಬ ಗೌರವದ ಹೆಸರು ಪಡೆಯಿತು. ಸರ್ ಮಿರ್ಝಾ ಇಸ್ಮಾಯಿಲ್ ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ ಅದು ಈಗಿನ ವಿಶಾಲವಾದ ಆವರಣಕ್ಕೆ ಬಂತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿ ಆರಂಭವಾಯಿತು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು.

ಆಸ್ಪತ್ರೆಗೆ ಬಾರದವರ ಕಡೆಗೆ ಗಮನ ಹರಿದದ್ದು ಆ ದಶಕದಲ್ಲೇ. ಅವಿಭಜಿತ ದಕ್ಷಿಣ ಕನ್ನಡದ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಬೆಂಗಳೂರಿನ ಬಳಿಯ ಸಕಲವಾರದಲ್ಲಿ ನಿಮ್ಹಾನ್ಸ್ ಗ್ರಾಮೀಣ ಕೇಂದ್ರ ತೆರೆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ ದೇಶಕ್ಕೇ ಮಾದರಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ತರಬೇತಿ ಪಡೆದು ಮನೋರೋಗಗಳಿಗೆ ಮದ್ದು ಕೊಡಬಲ್ಲರೆಂದು ಅದು ತೋರಿಸಿತು.

ಇಂತಹ ಕೇಂದ್ರಗಳಿಗೆ ಬರುವ ಖಿನ್ನತೆಯ ರೋಗಿಗಳು ‘ನನಗೆ ಬೇಸರ’ ಎಂದು ಹೇಳುವುದು ಅಪರೂಪ. ಗ್ಯಾಸ್, ಹೊಟ್ಟೆ ಉರಿ, ಸುಸ್ತು, ಮೈಕೈ ನೋವು ಎನ್ನುತ್ತಾರೆ. ಹೊಟ್ಟೆಯ ದೂರು ಹೊತ್ತು ಬಂದವರಿಗೆ ಹೊಟ್ಟೆ ಕೆಡಿಸುವ ಮಾತ್ರೆ ಕೊಟ್ಟು, ಅದರ ಬಗ್ಗೆ ಒಂದು ಮಾತೂ ಹೇಳದೆ ಕಳುಹಿಸಿದರೆ ಅವರು ಮರಳಿ ಬರುತ್ತಾರೆಯೇ? ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಇಪ್ಪತ್ತು ಮಂದಿಯಲ್ಲಿ ಒಬ್ಬರು ಖಿನ್ನತೆಗೆ ಒಳಗಾಗುತ್ತಾರೆ. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಹೇಗೋ ಬಾಗಿಲ ತನಕ ಬಂದ ಕೆಲವರನ್ನೂ ವಾಕರಿಕೆಯ ಕಾರಣಕ್ಕೆ ಕಳೆದುಕೊಳ್ಳುವುದು ದೊಡ್ಡ ನಷ್ಟ.

ಮಾರಿಕುಪ್ಪಂನ ಮುಂಜಾವು

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಸುಮಾರು 800 ಟನ್ ಚಿನ್ನ ಕೊಟ್ಟ ನೆಲದಲ್ಲಿ ಸೈನೈಡ್ ಬೆರೆತ ದೂಳಿನ ದಿಬ್ಬಗಳು ಉಳಿದವು. ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಗಣಿಯ ಆಸ್ಪತ್ರೆಯ ಆಸರೆಯೂ ಹೋಯಿತು. ಕೆಲಸ ಕಳೆದುಕೊಂಡವರಲ್ಲಿ ಖಿನ್ನತೆ ಹೆಚ್ಚುತ್ತದೆ ಎಂಬುದು ಜಗತ್ತಿನ ಎಲ್ಲೆಡೆ ಕಂಡ ಸತ್ಯ. ಮುಂದಿನ ಪೀಳಿಗೆ ಬೆಂಗಳೂರಿನ ದಾರಿ ಹಿಡಿಯಿತು. ಮಾರಿಕುಪ್ಪಂನಿಂದ ಹೊರಡುವ ಮುಂಜಾನೆಯ ರೈಲುಗಳು ಚಾಂಪಿಯನ್, ಊರಿಗಾಂ, ಬಂಗಾರಪೇಟೆಗಳಲ್ಲಿ ಜನರನ್ನು ತುಂಬಿಕೊಂಡು ರಾಜಧಾನಿಗೆ ಹೋಗುತ್ತವೆ. ರಾತ್ರಿ ತಡವಾಗಿ ಮರಳಿ ತರುತ್ತವೆ.

ಇಂತಹ ದಿನಚರಿಯಲ್ಲಿ ಹೊಟ್ಟೆಯ ಅಡ್ಡಪರಿಣಾಮ ಎಂಬುದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ ಕಿಕ್ಕಿರಿದ ರೈಲಿನಲ್ಲಿ ನಿಂತವನಿಗೆ ವಾಕರಿಕೆ ಬಂದರೆ, ಭೇದಿಯಾದರೆ, ಅಂದಿನ ಕೂಲಿಯೇ ಹೋಗಬಹುದು. ಮರುದಿನ ಅವನು ಮಾತ್ರೆ ಬಿಡುತ್ತಾನೆ. ಅದಕ್ಕೆ ಅವನನ್ನು ದೂರಲಾಗದು. ಊಟದ ನಂತರ ಸೇವಿಸು, ಬೇಕಾದರೆ ರಾತ್ರಿ ಸೇವಿಸು, ಕಡಿಮೆ ಪ್ರಮಾಣದಿಂದ ಆರಂಭಿಸೋಣ, ಈ ಸಂಕಟ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಇಳಿಯುತ್ತದೆ, ಗುಣ ಕಾಣಲೂ ಕೆಲವು ವಾರ ಬೇಕು ಎಂದು ಮೊದಲೇ ಹೇಳುವ ಒಬ್ಬರು ಬೇಕಿತ್ತು. ಮದ್ದಿನ ಕೆಡುಕು ಮೊದಲು ಬರುತ್ತದೆ, ಒಳಿತು ಆಮೇಲೆ ಬರುತ್ತದೆ. ಈ ಒಂದು ಮಾತು ತಿಳಿದಿದ್ದರೆ ಎಷ್ಟೋ ಮಂದಿ ಆ ವಾರಗಳನ್ನು ದಾಟಿಯಾರು.

ಇನ್ನೊಂದು ಎಚ್ಚರಿಕೆ ದುಡಿಯುವವರಿಗೆ ಮುಖ್ಯ. ರಕ್ತ ಹೆಪ್ಪುಗಟ್ಟಿಸುವ ಕಣಗಳಿಗೂ ಸಿರೊಟೋನಿನ್ ಬೇಕು. ಈ ಮಾತ್ರೆಗಳ ಜೊತೆಗೆ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆ ಸೇವಿಸಿದರೆ ಜಠರದಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. 1999ರಿಂದ ಬಂದ ಹಲವು ಅಧ್ಯಯನಗಳು ಇದನ್ನು ಹೇಳಿವೆ. ಸೊಂಟನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವ ಅಭ್ಯಾಸ ನಮ್ಮಲ್ಲಿ ಎಷ್ಟು ಸಾಮಾನ್ಯವೆಂದು ಹೇಳಬೇಕಾಗಿಲ್ಲ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಐಸೋನಿಯಝಿಡ್ ಇಂದಿಗೂ ಕ್ಷಯದ ಮುಖ್ಯ ಮದ್ದು. ಅದನ್ನು ಸೇವಿಸುತ್ತಿರುವವರು ಖಿನ್ನತೆಯ ಮಾತ್ರೆ ಬರೆಯುವ ವೈದ್ಯರಿಗೆ ಅದನ್ನು ತಿಳಿಸಲೇಬೇಕು.

ಉಪವಾಸ ಮತ್ತು ಮಾತ್ರೆ

ರಮಝಾನ್ ಬಂದಾಗ ಮುಸ್ಲಿಮ್ ಮನೆಗಳಲ್ಲಿ ಇನ್ನೊಂದು ಸಮಸ್ಯೆ ಎದುರಾಗುತ್ತದೆ. ಸಕ್ಕರೆ ಕಾಯಿಲೆಯವರು ಉಪವಾಸದ ಬಗ್ಗೆ ವೈದ್ಯರನ್ನೂ ಮೌಲವಿಗಳನ್ನೂ ಕೇಳುತ್ತಾರೆ. ಖಿನ್ನತೆಯ ಮಾತ್ರೆ ಸೇವಿಸುವವರು ಯಾರನ್ನೂ ಕೇಳುವುದಿಲ್ಲ, ಏಕೆಂದರೆ ಆ ಮಾತ್ರೆಯ ವಿಷಯ ಮನೆಯವರಿಗೇ ಗೊತ್ತಿರುವುದಿಲ್ಲ. ಅವರು ತಿಂಗಳ ಮಟ್ಟಿಗೆ ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಹಠಾತ್ತನೆ ಬಿಟ್ಟರೆ ತಲೆಸುತ್ತು, ವಾಕರಿಕೆ, ಚಡಪಡಿಕೆ ಬರುತ್ತವೆ, ರೋಗವೂ ಮರುಕಳಿಸಬಹುದು. ದಿನಕ್ಕೊಂದೇ ಬಾರಿ ಸೇವಿಸುವ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಇಫ್ತಾರಿನ ಅಥವಾ ಸಹರಿಯ ಊಟದ ಜೊತೆಗೆ ಹೊಂದಿಸಿಕೊಳ್ಳುವುದು ಬಹುತೇಕ ಸಾಧ್ಯ. ಆದರೆ ಲಿಥಿಯಂ ಸೇವಿಸುವವರ ವಿಷಯ ಬೇರೆ. ನೀರು ಕಡಿಮೆಯಾದರೆ ಅದು ರಕ್ತದಲ್ಲಿ ಏರಿ ವಿಷವಾಗಬಹುದು. ವಾಂತಿ, ಭೇದಿ, ನಡುಕ ಅದರ ಸೂಚನೆಗಳು. ಅವರು ರಮಝಾನಿಗೆ ಮೊದಲೇ ವೈದ್ಯರನ್ನು ಕಾಣಬೇಕು. ರೋಗಿಗೆ ಉಪವಾಸದಿಂದ ರಿಯಾಯಿತಿ ಇದೆ, ಬೇರೆ ದಿನಗಳಲ್ಲಿ ಪೂರೈಸುವ ಅವಕಾಶವಿದೆ ಎಂದು ಕುರ್‌ಆನ್ ಸ್ಪಷ್ಟವಾಗಿ ಹೇಳಿದೆ. ಆ ರಿಯಾಯಿತಿ ಕಣ್ಣಿಗೆ ಕಾಣುವ ರೋಗಗಳಿಗೆ ಮಾತ್ರ ಎಂದು ಅದು ಹೇಳಿಲ್ಲ.

ಇಸ್‌ಹಾಕ್ ಇಬ್ನ್ ಇಮ್ರಾನರು ವಿಷಾದವನ್ನು ಈಮಾನಿನ ಕೊರತೆ ಎಂದು ಬರೆಯಲಿಲ್ಲ, ರೋಗ ಎಂದು ಬರೆದರು, ಅದಕ್ಕೆ ಮದ್ದು ಹುಡುಕಿದರು. ಸಾವಿರ ವರ್ಷಗಳ ನಂತರವೂ ನಮ್ಮ ಮೊಹಲ್ಲಾಗಳಲ್ಲಿ ಖಿನ್ನರಾದವರಿಗೆ ನಂಬಿಕೆಯ ಕೊರತೆಯೆಂಬ ಬೋಧನೆಯೇ ಮೊದಲು ಸಿಗುತ್ತದೆ. ದುಆ ಇರಲಿ, ಅದರ ಜೊತೆಗೆ ದವಾ ಕೂಡ ಇರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಾತ್ರೆ ಹೊಟ್ಟೆಗೆ ಒಗ್ಗದಿದ್ದರೆ ಪ್ರಮಾಣ ಬದಲಿಸಬಹುದು, ಹೊತ್ತು ಬದಲಿಸಬಹುದು, ಮಾತ್ರೆಯನ್ನೇ ಬದಲಿಸಬಹುದು. ಇದೆಲ್ಲ ಆಗಬೇಕಾದರೆ ರೋಗಿ ಬಾಯಿ ಬಿಟ್ಟು ಹೇಳಬೇಕು, ವೈದ್ಯರು ಕಿವಿಗೊಟ್ಟು ಕೇಳಬೇಕು, ಮನೆಯವರು ಊಟದ ಹೊತ್ತಿಗೆ ಆ ಮಾತ್ರೆಯನ್ನು ನೆನಪಿಸಬೇಕು.